ಪಾಳಿ ಯಾರದು

ಧರ್ಮಣ್ಣ ನರೋಣಾದಲ್ಲಿ ಬಸ್ಸಿಳಿದು ಕಾಲುದಾರಿ ಹಿಡಿದು ಊರು ಮುಟ್ಟಿದಾಗ ಅವನ ಅಕ್ಕ ಸಾಬವ್ವ ಚಾವಡಿ ಗುಡಿಸುತ್ತಿದ್ದಳು. ಮೂಲೆಮೂಲೆಗೆ ಬಾಗಿ ಗುಡಿಸುತ್ತಿದ್ದಳು. ಕಂಬದ ಬುಡಕ್ಕೆ ಯಾರೋ ಉಗಿದಿದ್ದ ಎಲೆಯಡಿಕೆಯ ಕಲೆಯನ್ನು ಕೈಯಿಂದಲೇ ತಿಕ್ಕಿ ತೆಗೆದಳು. ಸಾಹೇಬರು ಕೂಡುವ ಜಾಗಕ್ಕೆ ನೀರು ಚಿಮುಕಿಸಿದಳು. ಆಮೇಲೆ ಹಿಂದಹಿಂದಕ್ಕೆ ಸರಿಯುತ್ತ, ತನ್ನ ಹೆಜ್ಜೆಯ ಗುರುತನ್ನು ತಾನೇ ಗುಡಿಸಿಕೊಳ್ಳುತ್ತ ಮೆಟ್ಟಿಲಿಳಿದಳು. ಇಳಿದಳೋ ಮುಗಿಯಿತು. ಇನ್ನು ಜನ ಬಂದು ಕೂತ ಮೇಲೆ ಅವಳು ಆ ಮೆಟ್ಟಿಲು ತುಳಿಯುವಂತಿಲ್ಲ.

“ಬಂದೇನಪಾ ತಮ್ಮಾ?” ಎಂದಳು. “ನಿಮ್ಮ ಬಸ್ಸು ಇವತ್ತ ದಾರ್ಯಾಗ ನಿಂದ್ರಲಿಲ್ಲಲ್ಲ, ಪುಣ್ಯ. ಹೋದ ಸರ್ತಿ ನಾವು ಇಳದು ದೂಡಿದ್ದು ಇನ್ನಾ ಸೊಂಟದಾಗ ಅದ.”

ಧರ್ಮಣ್ಣ ನಕ್ಕ. ನಗು ಬಾಯಿಂದ ಕೆಳಗೆ ಇಳಿಯಲಿಲ್ಲ.

ಇವತ್ತು ಆ ಚಾವಡಿಯಲ್ಲಿ ಅವರ ಹೊಲದ ಚೌಕಸಿ, ವಿಚಾರಣೆ, ಇತ್ತು. ಅದು ಸಾಬವ್ವನದೋ, ಧರ್ಮಣ್ಣನದೋ, ಇಲ್ಲ ಇಬ್ಬರದೂ ಅಲ್ಲವೋ ಎಂದು ಕೇಳಿ ಬರೆದುಕೊಳ್ಳಲು ಆಳಂದದಿಂದ ಕಂದಾಯ ಇಲಾಖೆಯ ಗಿರದಾವರ ಸಾಹೇಬರು ಬರುವವರಿದ್ದರು.

ಹೊಲದ ಕಥೆ ಹೀಗೆ. ನಿಜಾಮನ ಕಾಲದಿಂದಲೂ ಹೊಲಗೇರಿಯ ನಾಲ್ಕು ಮನೆಗಳಿಗೆ ಹಳ್ಳದ ದಂಡೆಯ ಎರೆಭೂಮಿ ಇನಾಮು. ಪುಕ್ಕಟೆ ಅಲ್ಲ. ಚಾವಡಿ ಗುಡಿಸಬೇಕು. ಗೌಡರ ವಾಡೆಗೆ ಕಟ್ಟಿಗೆ ಒಡೆಯಬೇಕು. ಊರಲ್ಲಿ ಯಾರಾದರೂ ಸತ್ತರೆ ಹತ್ತೂರು ನಡೆದು ಬೀಗರಿಗೆ ಸುದ್ದಿ ಮುಟ್ಟಿಸಬೇಕು. ಹೂಳುವ ಕುಣಿ ತೋಡಬೇಕು. ದನ ಸತ್ತರೆ ಎಳೆದು ಹಾಕಬೇಕು. ಅಮಾಸೆಯಿಂದ ಅಮಾಸೆಗೆ ಒಂದೊಂದು ಮನೆಯ ಪಾಳಿ. ಪಾಳಿ ಮಾಡಿದ ಮನೆಗೆ ಆ ಭೂಮಿಯಲ್ಲಿ ಹಿಸ್ಸಾ, ಪಾಲು. ಪಾಳಿ ತಪ್ಪಿದರೆ ಹಿಸ್ಸಾ ತಪ್ಪಿತು. ಈಗ ಸರಕಾರ ಆ ಭೂಮಿಯನ್ನು ಚಾಕರಿ ಮಾಡಿದವರ ಹೆಸರಿಗೇ ಕಾಯಂ ಮಾಡಿಕೊಡುತ್ತಿತ್ತು. ಮೂರು ಮನೆಗಳದ್ದು ಬಗೆಹರಿದಿತ್ತು. ಆ ಮನೆಗಳಲ್ಲಿ ಗಂಡಸರು ಪಾಳಿ ಮಾಡಿದ್ದರು. ಈ ಮನೆಯ ಗಂಡಸು ಅಫಜಲಪುರದಲ್ಲಿ ಸರಕಾರಿ ಬಸ್ಸಿನ ಕಂಡಕ್ಟರನಾಗಿದ್ದ. ಪಾಳಿ ಮಾಡಿದ್ದು ಹೆಂಗಸು. ಈ ಮನೆಯ ಪಾಲಿನ ಹೊಲವನ್ನು ಗೌಡರೇ ಉಳುತ್ತ, ಸುಗ್ಗಿಗೆ ಒಂದಿಷ್ಟು ಜೋಳ ಕೊಡುತ್ತಿದ್ದರು.

ಹೇಗೆ ಮಾಡಿದಳು ಎಂಬುದು ಊರಿಗೆಲ್ಲ ಗೊತ್ತು. ಧರ್ಮಣ್ಣ ಹತ್ತನೇ ಇಯತ್ತೆಯಲ್ಲಿದ್ದಾಗ ಅಪ್ಪನ ಕಾಲು ಹೋಯಿತು. ಪಾಳಿ ಬಂತು. ಹುಡುಗ ಶಾಲೆ ಬಿಡಬೇಕು, ಇಲ್ಲ ಹಿಸ್ಸಾ ಬಿಡಬೇಕು. ಆಗ ಅಪ್ಪ, “ಜೇವರ್ಗಿಗೆ ಹೋಗು, ನಿಮ್ಮಕ್ಕನ್ನ ಕರಕೊಂಬಾ” ಎಂದ. ಜೇವರ್ಗಿ ಕಡೆಯ ಹೊಳೆದಂಡೆಯ ಹಳ್ಳಿಯಲ್ಲಿ ಸಾಬವ್ವ ಹೊಸದಾಗಿ ಬಾಳುವೆ ಮಾಡುತ್ತಿದ್ದಳು. ಧರ್ಮಣ್ಣನೇ ಹೋಗಿ ಕರೆತಂದ. ಒಂದು ಪಾಳಿ ಎಂದು ಕರೆತಂದದ್ದು. ಆಮೇಲೆ ಅಪ್ಪ ಸತ್ತ. ಆಮೇಲೆ ಇವನ ಪರೀಕ್ಷೆ. ಆಮೇಲೆ ಇವನ ನೌಕರಿ. ಗಂಡ ಒಂದೆರಡು ಸಲ ಬಂದು ಕರೆದ, ಆಮೇಲೆ ಬೇರೆ ಹೆಣ್ಣು ತಂದುಕೊಂಡ. ಸಾಬವ್ವ ಇಲ್ಲೇ ಉಳಿದಳು. ಹಗ್ಗ ಎಳೆದೆಳೆದು ಅವಳ ಬಲಗಡೆಯ ಹೆಗಲು ಎಡಗಡೆಯದಕ್ಕಿಂತ ಕೆಳಗೆ ಇಳಿದಿತ್ತು. ದೂರದಿಂದ ನೋಡಿದರೆ ಯಾವಾಗಲೂ ಒಂದು ಕೊಡ ಹೊತ್ತವಳ ಹಾಗೆ ಕಾಣುತ್ತಿದ್ದಳು.

ನಿನ್ನೆ ಗೌಡರ ಆಳು ಗುರಣ್ಣ ಆಳಂದದಲ್ಲಿ ಧರ್ಮಣ್ಣನ ಬಸ್ಸು ಹತ್ತಿದ್ದ. ಟಿಕೆಟ್ಟು ಹರಿಸಿಕೊಂಡು, ಬಾಗಿಲ ಹತ್ತಿರ ಜೋತು ನಿಂತು, “ಧರ್ಮಣ್ಣ” ಎಂದ. ಊರಲ್ಲಿ ಅವನಿಗೆ ಧರ್ಮ್ಯಾ ಎನ್ನುವುದೇ ರೂಢಿ. ಆ ‘ಅಣ್ಣ’ ಕಿವಿಗೆ ಬಿದ್ದಾಗ ಧರ್ಮಣ್ಣನ ಬೆನ್ನು ತನಗೆ ತಾನೇ ನೆಟ್ಟಗಾಯಿತು. ಅದಕ್ಕೆ ಆಮೇಲೆ ಅವನು ಬಹಳ ನಾಚಿದ.

“ನಾಳೆ ಗಿರದಾವರ ಸಾಹೇಬ್ರು ಪಾಳಿ ಯಾರದು ಅಂತ ಕೇಳ್ತಾರ,” ಎಂದ ಗುರಣ್ಣ. “ನಿಮ್ಮಕ್ಕ ಮಾಡ್ಯಾಳ, ಖರೆ. ಆದ್ರ ಹೆಣ್ಣಮಗಳ ಹೆಸರಿಗೆ ಪಾಳಿ ಎಲ್ಲಿ ಅದ? ಆಕಿ ನನ್ನ ಬದಲಿ ಮಾಡ್ಯಾಳ ಅಂತ ನೀ ಒಂದು ಮಾತು ಹೇಳಿಬಿಡು. ಹಿಸ್ಸಾ ನಿನ್ನ ಹೆಸರಿಗೆ ಕುಂಡರ್ತಾದ. ನೀ ಅಫಜಲಪುರದಾಗ ಇರಾಂವ, ಬಿತ್ತಾಕ ಬರ್ತೀಯೇನು? ಗೌಡ್ರು ಈಗಿನಂಗ ಉಳ್ಕೋತಾರ. ಸುಗ್ಗ್ಯಾಗ ನಿನ್ನ ಮನಿಗೆ ಜ್ವಾಳ ಬರ್ತಾವ.”

“ಹೇಳದಿದ್ರ?”

“ಹೇಳದಿದ್ರ ಗೌಡ್ರು ಹೇಳ್ತಾರ. ಆ ಮನಿ ಗಂಡಸು ಪಾಳಿ ಮಾಡಿಲ್ಲ, ಹಿಸ್ಸಾ ತಪ್ಪಿತು ಅಂತ. ಆವಾಗ ನಿನಗೂ ಇಲ್ಲ, ಆಕಿಗೂ ಇಲ್ಲ.” ಗುರಣ್ಣ ಬೀಡಿ ಹೊತ್ತಿಸಿದ. “ನಾ ಹೇಳಿದ್ದಲ್ಲಪಾ ಇದು. ನಾ ಬರೇ ಬಾಯಿ.”

ಆವತ್ತು ಧರ್ಮಣ್ಣ ಚಿಲ್ಲರೆ ಕೊಡುವಾಗಲೆಲ್ಲ ತಪ್ಪಿದ. ಹೊಲ ಉಳಿದರೆ ಸಾಕು, ಯಾರ ಹೆಸರಲ್ಲಿ ಉಳಿದರೇನು ಎಂದುಕೊಂಡ. ಅಕ್ಕ ತಮ್ಮನ ನಡುವೆ ಕಾಗದ ಯಾಕೆ ಎಂದುಕೊಂಡ. ನಾನು ಅವಳಿಗೆ ಅನ್ನ ಹಾಕುವುದನ್ನು ಯಾರೂ ತಪ್ಪಿಸುವುದಿಲ್ಲ ಎಂದುಕೊಂಡ. ಎಲ್ಲವೂ ಒಳ್ಳೆಯ ಮಾತುಗಳೇ.

ಮನೆಗೆ ಬಂದು ಸಾಬವ್ವ ಮೈ ತೊಳೆದುಕೊಂಡು, ಮಡಚಿಟ್ಟ ಇಳಕಲ್ ಸೀರೆ ತೆಗೆದುಟ್ಟಳು. ನೆರೆಮನೆಯ ಮಲ್ಕಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಏನಬೇ ಸಾಬವ್ವ, ಮದಲಗಿತ್ತಿ ಆಗಿ ನಿಂತಿ. ಗಿರದಾವರ ಸಾಹೇಬನ್ನ ಲಗ್ನ ಆಗಾಕ ಹೊಂಟೀಯೇನು?”

“ಹೊಲದ ಕೂಡ ಲಗ್ನ ಬೇ. ಗಂಡ ಬಿಟ್ಟು ಹ್ವಾದ. ಹೊಲ ಎಲ್ಲಿ ಹೋಗ್ತಾದ?”

“ಹೊಲಾನೂ ಗೌಡನ ಮನ್ಯಾಗ ಇಟ್ಟಕೊಂಡಾಕಿ ಆಗಿ ಕುಂತಾದಲ್ಲ.”

“ಬಿಡಿಸಿಕೊಂಬರ್ತೇನಿ ಇವತ್ತ.”

ಇಬ್ಬರೂ ಹೆಂಗಸರು ನಕ್ಕರು. ಧರ್ಮಣ್ಣ ಒಳಗೆ ಗೋಡೆಗೆ ಒರಗಿ ಕೂತಿದ್ದ. ಸಾಬವ್ವ ಅವನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. ಮೊದಲ ವರ್ಷ ತೊಗರಿ ಹಾಕುತ್ತಾಳಂತೆ. ಅಕ್ಕಡಿಗೆ ಎಳ್ಳು. ಬದುವಿಗೆ ನಾಲ್ಕು ಸಾಲು ಪುಂಡಿಪಲ್ಲೆ, ಕೇರಿಯವರೆಲ್ಲ ಕಿತ್ತುಕೊಂಡು ಹೋಗಲಿ. ಹೇಳುತ್ತ ಹೇಳುತ್ತ ನೆಲದ ಮೇಲೆ ಬೆರಳಿನಿಂದ ಸಾಲು ಎಳೆದಳು. ಆಮೇಲೆ ಕೇಳಿದಳು:

“ಸಾಹೇಬನ ಮುಂದ ಏನಂತ ಹೇಳ್ಲೋ ತಮ್ಮಾ? ನೀ ಕಲ್ತಾಂವ.”

“ಕೇಳಿದ್ದಕ್ಕಷ್ಟ ಹೇಳು.”

“ನೀ ಬಾಜೂಕ ಇರ್ತೀಯಲ್ಲ?”

“ಇರ್ತೇನಿ.”

ಆಗಲೇ ಹೇಳಬಹುದಿತ್ತು. ಗುರಣ್ಣ ಬಸ್ಸಿನಲ್ಲಿ ಬಂದದ್ದನ್ನು, ಅಂದದ್ದನ್ನು. ಇಬ್ಬರೂ ಕೂಡಿ ಒಂದು ದಾರಿ ನೋಡಬಹುದಿತ್ತು. ಅವನು ನೀರು ಕೇಳಿದ. ಅವಳು ಎದ್ದು ಹೋಗಿ ತಂದುಕೊಟ್ಟಳು.

ಗಿರದಾವರ ಶರಫುದ್ದೀನ ಸಾಹೇಬರು ಹೊತ್ತೇರಿದ ಮೇಲೆ ಬಂದರು. ಮುಖದ ಧೂಳು ಒರೆಸಿಕೊಳ್ಳುತ್ತ ಗಾದಿಯ ಮೇಲೆ ಕೂತರು. ಅವರ ಬಾಜೂಕ ಊರ ಕಂದಾಯ ವಸೂಲಿಯ ಮಾಲಿಪಾಟೀಲ ದೌಲತರಾಯ ಗೌಡ. ಗೌಡನ ವಾಡೆ ಚಾವಡಿಗೆ ಹತ್ತಿಕೊಂಡೇ ಇತ್ತು. ನಡುವೆ ದನ ಕಟ್ಟುವ ಅಂಗಳ. ಊರವರು ಕಟ್ಟೆಯ ಮೇಲೆ ಕೂತರು. ಕೇರಿಯವರು ಕೆಳಗೆ ಬಿಸಿಲಲ್ಲಿ ನಿಂತರು. ಸಾಬವ್ವ ತಾನು ಬೆಳಿಗ್ಗೆ ಗುಡಿಸಿದ ಮೆಟ್ಟಿಲಿನ ಕೆಳಗೆ ನಿಂತಳು. ಧರ್ಮಣ್ಣ ಎಲ್ಲಿ ನಿಲ್ಲಬೇಕೋ ತಿಳಿಯದೆ ಅವಳಿಗಿಂತ ಎರಡು ಹೆಜ್ಜೆ ಆಚೆ ನಿಂತ. ಪ್ಯಾಂಟು ಹಾಕಿದ್ದ. ಊರವರಲ್ಲೂ ಅಲ್ಲ, ಕೇರಿಯವರಲ್ಲೂ ಅಲ್ಲ ಎಂಬಂತಿದ್ದ.

“ಹಾಂ ಅಮ್ಮಾ, ಜಲ್ದಿ ಹೇಳು,” ಎಂದರು ಸಾಹೇಬರು. “ನಿಮ್ಮ ಮನಿ ಪಾಳಿ ಯಾರು ಮಾಡಿದ್ರು?”

“ನಾ ಮಾಡೇನ್ರಿ.”

“ಏನೇನು ಮಾಡಿದಿ?”

ಸಾಬವ್ವ ಹೇಳಿದಳು. ಹೇಳುವುದಕ್ಕೆ ಅವಳಿಗೆ ಭಯವಿರಲಿಲ್ಲ. “ಈಗ ನೀವು ಕುಂತ ಜಾಗಾ ನಾ ಮುಂಜಾನೆ ಗುಡಿಸಿದ್ದರಿ. ಗೌಡ್ರ ತಾಯಿ ಸತ್ತಾಗ ಸುದ್ದಿ ಹೇಳಾಕ ಖಜೂರಿಗೆ ನಡಕೊಂಡು ಹೋಗಿದ್ನಿರಿ. ಬರೂದ್ರಾಗ ಕುಣಿ ತೋಡಂದ್ರು. ನೆಲ ಕಲ್ಲಾಗಿತ್ತು. ಗೌಡ್ರು ಮ್ಯಾಲೆ ನಿಂತು, ಅಗಲ ಮಾಡು, ನಮ್ಮವ್ವ ಇಕ್ಕಟ್ಟಿನ್ಯಾಗ ಕುಂತಾಕಿ ಅಲ್ಲ ಅಂದ್ರು. ಮತ್ತ ಒಳಗಿಳದು ಅಗಲ ಮಾಡಿದ್ನಿರಿ.” ಗೌಡನ ಕಡೆ ನೋಡಿದಳು. “ಸುಳ್ಳೇನ್ರಿ ಗೌಡ್ರ?”

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು.

“ಸುಳ್ಳಲ್ಲ,” ಎಂದ ಗೌಡ, ಶಾಂತವಾಗಿ. “ಆಕಿ ಮಾಡ್ಯಾಳ. ಯಾರ ಬದಲಿ ಮಾಡ್ಯಾಳ, ಅದನ್ನ ಕೇಳ್ರಿ ಸಾಹೇಬ್ರ. ಹೆಣ್ಣಿಗೆ ಪಾಳಿ ಅಂಬೂದು ಈ ಊರಾಗ ಎಂದೂ ಇಲ್ಲ. ತಮ್ಮ ಶಾಲಿಗೆ ಹ್ವಾದ, ನೌಕರಿಗೆ ಹ್ವಾದ. ತಮ್ಮನ ಬದಲಿ ಈಕಿ ನಿಂತಳು. ಅವನ್ನೇ ಕೇಳ್ರಿ, ಅಲ್ಲೇ ಅದಾನ. ಏ ಧರ್ಮಣ್ಣ, ಮುಂದ ಬಾರಪ್ಪ.”

ಧರ್ಮಣ್ಣ ಮುಂದೆ ಬಂದ.

ಬದಲಿ. ಆ ಮಾತು ಅವನಿಗೆ ಹೊಸದಲ್ಲ. ನೌಕರಿ ಕಾಯಂ ಆಗುವ ಮೊದಲು ಅವನೂ ಬದಲಿ ಕಂಡಕ್ಟರನೇ. ಯಾರಾದರೂ ರಜೆ ಹಾಕಿದರೆ ಬಸ್ಸು, ಇಲ್ಲವಾದರೆ ನಿಲ್ದಾಣದ ಕಲ್ಲುಬೆಂಚು. ಬದಲಿ ದುಡಿದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಉಳಿದ ಬದಲಿಗಳ ಜೊತೆ ಅವನೂ ಬಾವುಟ ಹಿಡಿದಿದ್ದ. ದುಡಿದಾಂವ ನಾನು, ದಿನ ಅವಂದು ಹೆಂಗ ಎಂದು ಗಂಟಲು ಹರಿಯುವಂತೆ ಕೂಗಿದ್ದ.

“ಹೌದೇನಪಾ?” ಎಂದರು ಸಾಹೇಬರು. “ನಿನ್ನ ಬದಲಿ ಮಾಡಿದ್ದೇನು ಈಕಿ?”

ಅಕ್ಕ ಅವನ ಕಡೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಅನುಮಾನವೇ ಇರಲಿಲ್ಲ. ಅದನ್ನು ನೋಡಲಾರದೆ ಅವನು ಸಾಹೇಬರ ಬೂಟು ನೋಡಿದ.

“ಹೌದ್ರಿ,” ಎಂದ.

ಸಾಹೇಬರು ಹೇಳಿಕೆಯ ಬಯಾನು ಬರೆದುಕೊಳ್ಳತೊಡಗಿದರು. ಧರ್ಮಣ್ಣನಿಗೆ ತನ್ನ ಹಿಸ್ಸಾ ಇದೆಯೋ ಇಲ್ಲವೋ ಎಂಬುದು ತಿಳಿದಂತಾಯಿತು. ಇತ್ತು. ಹಳ್ಳದ ದಂಡೆಯ ಎರೆಭೂಮಿ, ತೊಗರಿ ಹಾಕಿದರೆ ತೊಗರಿ, ಜೋಳ ಹಾಕಿದರೆ ಜೋಳ. ಒಂದು ಪಾಳಿಯನ್ನೂ ಮಾಡದೆ, ಒಂದು ಬುಟ್ಟಿ ಮಣ್ಣನ್ನೂ ಎತ್ತದೆ, ಹೌದ್ರಿ ಎಂಬ ಒಂದು ಮಾತಿನಿಂದ ಅದು ಅವನದಾಗಿತ್ತು.

“ಅಮ್ಮಾ, ಇಲ್ಲಿ ಹೆಬ್ಬಟ್ಟು ಒತ್ತು.”

“ಏನು ಬರದೀರಿ?”

“ತಮ್ಮನ ಬದಲಿ ಚಾಕ್ರಿ ಮಾಡಿದ್ದು ಅಂತ.”

ಸಾಬವ್ವ ಎರಡೂ ಕೈಗಳನ್ನು ಸೆರಗಿನೊಳಗೆ ತೆಗೆದುಕೊಂಡಳು. “ಬದಲಿ ಅಂದ್ರ ಏನ್ರಿ?”

“ಅರೆ, ಒಬ್ಬರ ಜಾಗಾದಾಗ ಇನ್ನೊಬ್ಬರು.”

“ನನ್ನ ಜಾಗಾದಾಗೂ ಒಬ್ಬಾಕಿ ಬಂದಾಳ್ರಿ. ಜೇವರ್ಗಿ ಕಡೆ, ನನ್ನ ಗಂಡನ ಮನ್ಯಾಗ. ನಾ ಇಲ್ಲಿ ನಿಮ್ಮ ದನ ಎಳ್ಯಾಕತ್ತಿದ್ನಿ, ಆಕಿ ಅಲ್ಲಿ ನನ್ನ ಬದಲಿ ಬಾಳುವೆ ಮಾಡಿದಳು. ಮೂರು ಹಡದಾಳಂತ. ಆಕಿ ಮಕ್ಕಳು ನನ್ನವೇನ್ರಿ ಹಂಗಾದ್ರ? ಅವ್ರ ತಾಯಿ ಸಾಬವ್ವ ಅಂತ ಬರದು ಕೊಡ್ರಿ. ಅದಕ್ಕ ಎರಡೂ ಕೈ ಹೆಬ್ಬಟ್ಟು ಒತ್ತೇನಿ.”

ಸಾಹೇಬರು ಪೆನ್ನು ಎತ್ತಿ ಹಿಡಿದರು. ಕೆಳಗೆ ಬಿಸಿಲಲ್ಲಿ ಮಲ್ಕಮ್ಮ, “ಹೇಳವ್ವ ನನ್ನ ತಾಯಿ” ಎಂದಳು.

“ಮಾತು ಬಾಳ ಕಲ್ತಾಳ,” ಎಂದ ಗೌಡ. “ಆಕಿ ಹೆಬ್ಬಟ್ಟು ಇಲ್ಲದಿದ್ರ ಏನಾತ್ರಿ? ಹಿಸ್ಸೇದಾರ ಒಪ್ಯಾನ. ಇಬ್ಬರು ಸಾಕ್ಷಿ ಕೊಡ್ತೇನಿ.”

ಇಬ್ಬರು ಸಾಕ್ಷಿ ಕಟ್ಟೆಯ ಮೇಲಿಂದಲೇ ಎದ್ದು ಬಂದು ಸಹಿ ಮಾಡಿದರು. ಧರ್ಮಣ್ಣನೂ ಮಾಡಿದ. ಕಾಗದ ಕೊಡಲು ಸಾಹೇಬರು ಕೆಳಗೆ ಬಾಗಿದರು. ಸಹಿ ಮಾಡಲಿಕ್ಕೂ ಅವನನ್ನು ಯಾರೂ ಮೇಲೆ ಕರೆಯಲಿಲ್ಲ.

ಸಾಬವ್ವ ಅಲ್ಲೇ ನಿಂತಿದ್ದಳು. ಅಳಲಿಲ್ಲ. ಬಯ್ಯಲಿಲ್ಲ. ಬಯ್ದಿದ್ದರೆ ಧರ್ಮಣ್ಣನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಸಾಹೇಬರಿಗೆ ವಾಡೆಯಿಂದ ಊಟ ಬಂತು. ಕೇರಿಯವರು ಒಬ್ಬೊಬ್ಬರಾಗಿ ತಿರುಗಿದರು. ಅಷ್ಟರಲ್ಲಿ ಗುರಣ್ಣ ದನದ ಅಂಗಳದಿಂದ ಓಡುತ್ತ ಬಂದ.

“ಗೌಡ್ರ, ಬ್ಯಾನಿ ಬಿದ್ದಿದ್ದ ಎಮ್ಮಿ ಸತ್ತು ಹೋತ್ರಿ.”

ಗೌಡ ಹಣೆ ಸುಕ್ಕು ಮಾಡಿದ. “ಸಾಹೇಬ್ರು ಉಣ್ಣು ಹೊತ್ತಿನ್ಯಾಗ. ಲಗೂನ ಎಳಸು, ವಾಸನಿ ಎದ್ದೀತು.”

ಗುರಣ್ಣ ಕಟ್ಟೆಯ ಮೇಲಿಂದ ಕೂಗಿದ. “ಏ ಸಾಬಿ, ಹಗ್ಗ ತಗೊಂಡು ಬಾ. ಈ ತಿಂಗಳ ಪಾಳಿ ನಿಂದ ಅಲ್ಲೇನು?”

ಸಾಬವ್ವ ಹೊರಟವಳು ನಿಂತಳು. ತಿರುಗಿದಳು.

“ನಂದಲ್ಲ,” ಎಂದಳು. “ಪಾಳಿ ನನ್ನ ತಮ್ಮಂದು. ಈಗ ಸರಕಾರದ ಕಾಗದದಾಗ ಬರದಾರ. ನಾ ಬದಲಿ. ತಮ್ಮ ಊರಾಗ ಇಲ್ಲದಾಗ ಬದಲಿ ಬೇಕು. ಇವತ್ತ ಊರಾಗ ಅದಾನ, ನೋಡಲ್ಲೆ. ಅವನ್ನ ಕರೀ.”

ಎಲ್ಲರ ಕಣ್ಣೂ ಧರ್ಮಣ್ಣನ ಮೇಲೆ ಬಿದ್ದವು. ಊರವರ ಕಣ್ಣಲ್ಲಿ ತಮಾಷೆ. ಕೇರಿಯವರ ಕಣ್ಣಲ್ಲಿ ಅದೂ ಇರಲಿಲ್ಲ.

ಗೌಡ ಅವನ ಪ್ಯಾಂಟು ನೋಡಿದ. ಆಮೇಲೆ ನಕ್ಕ. “ಖರೆ ಅದ ಆಕಿ ಹೇಳೂದು. ಹಿಸ್ಸಾ ಬೇಕಂದ್ರ ಪಾಳೀನೂ ಬೇಕು. ಬಾರಲೇ ಧರ್ಮ್ಯಾ. ಪ್ಯಾಂಟು ಮಡಚಿಕೋ.”

ನಿನ್ನೆ ಬಸ್ಸಿನಲ್ಲಿ ಬಂದಿದ್ದ ‘ಅಣ್ಣ’ ಇವತ್ತು ಹೊತ್ತು ಇಳಿಯುವುದರೊಳಗೆ ಹೋಯಿತು.

ಧರ್ಮಣ್ಣ ಪ್ಯಾಂಟು ಮಡಚಿಕೊಂಡ. ಯಾಕೆ ಮಡಚಿದೆನೆಂದು ಆಮೇಲೆ ಅವನಿಗೇ ತಿಳಿಯಲಿಲ್ಲ. ಸಿಟ್ಟಿರಬೇಕು, ತನ್ನ ಮೇಲೆ. ಇಲ್ಲ, ಮಾಡಿಬಿಟ್ಟರೆ ಹೌದ್ರಿ ಎಂದದ್ದು ಸ್ವಲ್ಪವಾದರೂ ಖರೆ ಆಗುತ್ತದೆ ಎಂಬ ಆಸೆ.

ಎಮ್ಮೆ ಅಂಗಳದ ನಡುವೆ ಬಿದ್ದಿತ್ತು. ಹೊಟ್ಟೆ ಉಬ್ಬಿತ್ತು. ಬಾಯಿಂದ ನೊರೆ ಇಳಿದು ಕೆಸರಾಗಿತ್ತು. ಕಣ್ಣು ತೆರೆದಿತ್ತು, ಅದರ ಮೇಲೆ ನೊಣ ಕೂತು ಏಳುತ್ತಿದ್ದವು. ಗುರಣ್ಣ ಹಗ್ಗ ಎಸೆದ. ಹಿಂಗಾಲಿಗೆ ಗಂಟು ಹಾಕಲು ಧರ್ಮಣ್ಣನಿಗೆ ಬರಲಿಲ್ಲ. ಮೂರು ಸಲ ಹಾಕಿದ, ಮೂರು ಸಲವೂ ಜಾರಿತು. ಕಾಲು ಇನ್ನೂ ಬೆಚ್ಚಗಿತ್ತು. ಕಟ್ಟೆಯ ಮೇಲಿಂದ, “ಟಿಕೆಟ್ಟು ಹರದಂಗ ಅಲ್ಲಪಾ ಅದು” ಎಂದು ಯಾರೋ ಅಂದರು. ಕೊನೆಗೆ ಹೇಗೋ ಗಂಟು ನಿಂತಿತು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಾಗಿ ಎಳೆದ.

ಎಮ್ಮೆ ಅಲುಗಲಿಲ್ಲ. ಮತ್ತೆ ಎಳೆದ. ಹಗ್ಗ ಅಂಗಿಯ ಮೇಲಿಂದಲೇ ಮಾಂಸಕ್ಕೆ ಇಳಿಯಿತು. ಮೂರನೆಯ ಸಲ ಎಳೆದಾಗ ಎಮ್ಮೆ ಒಂದು ಗೇಣು ಜರುಗಿತು. ಅದರ ಹೊಟ್ಟೆಯೊಳಗಿನ ಗಾಳಿ ಹೊರಬಿತ್ತು. ಆ ವಾಸನೆಗೆ ಧರ್ಮಣ್ಣ ಮೊಳಕಾಲೂರಿ ಕಾರಿಕೊಂಡ. ನಗೆ ಎದ್ದಿತು. ಮುಖ ಎತ್ತಿ ನೋಡಿದರೆ ಅಂಗಳದ ಬಾಯಲ್ಲಿ ಅಕ್ಕ ನಿಂತಿದ್ದಳು. ಅವಳೊಬ್ಬಳೇ ನಕ್ಕಿರಲಿಲ್ಲ. ಅವಳು ಅವನ ಹೆಗಲು ನೋಡುತ್ತಿದ್ದಳು, ಹಗ್ಗ ಎಲ್ಲಿ ಕೂತಿದೆ ಎಂದು. ಅವಳಿಗೆ ಗೊತ್ತಿತ್ತು, ಎಲ್ಲಿ ಕೂತರೆ ಎಲುಬು ಹೋಗುತ್ತದೆ ಎಂದು.

ಧರ್ಮಣ್ಣ ಹಗ್ಗ ಬಿಟ್ಟ. ಎದ್ದು ಬಾಯಿ ಒರೆಸಿಕೊಂಡು ನೆಟ್ಟಗೆ ಚಾವಡಿಗೆ ನಡೆದ. ಮೆಟ್ಟಿಲು ಹತ್ತಿದ. ಜನ ಕೂತಿರುವಾಗ ಅವನ ಮನೆಯ ಗಂಡಸರು ಯಾರೂ ಅದನ್ನು ಹತ್ತಿರಲಿಲ್ಲ. ಕೂತಿದ್ದವರು ಸರಕ್ಕನೆ ಹಿಂದೆ ಸರಿದರು. ಅವನ ಮೈ ಎಮ್ಮೆಯ ನೊರೆಯಿಂದ ಒದ್ದೆಯಾಗಿತ್ತು.

“ಇಳೀಲೇ,” ಎಂದ ಗೌಡ.

“ಇಳೀತೇನಿ. ಸಾಹೇಬ್ರ, ಬಯಾನ ತಿದ್ದರಿ. ಪಾಳಿ ನಂದಲ್ಲ. ನಾ ಒಂದು ದಿನಾನೂ ಮಾಡಿಲ್ಲ. ಆಕಿ ನನ್ನ ಬದಲಿ ಮಾಡಿಲ್ಲ. ಆಕಿ ಮಾಡ್ಯಾಳ, ಆಕೀದೇ ಅದ.”

ಸಾಹೇಬರು ಕೈ ತೊಳೆದುಕೊಳ್ಳುತ್ತಿದ್ದರು. “ಅರೆ ಬಾಬಾ, ಆಗಳೆ ಹೌದಂದೆಲ್ಲ.”

“ಸುಳ್ಳು ಹೇಳಿದ್ನಿರಿ.”

“ತಿದ್ದರಿ, ತಿದ್ದರಿ,” ಎಂದ ಗೌಡ. ಅವನ ದನಿಯಲ್ಲಿ ಈಗ ನಗು ಇರಲಿಲ್ಲ. “ಪಾಳಿ ಸಾಬೀದು ಅಂತ ಬರೀರಿ. ಏ ಸಾಬಿ, ಕೇಳಿದಿ? ನಿಂದಂತ. ಹಂಗಾದ್ರ ಬಾ, ನೀನ ಎಳಿ. ಎಳೀಲಿಲ್ಲ, ಪಾಳಿ ತಪ್ಪಿತು. ಇಲ್ಲೇ ಸಾಹೇಬ್ರ ಕಣ್ಣ ಮುಂದ ತಪ್ಪಿತು.”

ಸಾಬವ್ವ ಅಂಗಳದಲ್ಲಿ ಬಿದ್ದಿದ್ದ ಹಗ್ಗ ನೋಡಿದಳು. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎರಡು ಹೆಜ್ಜೆ ನಡೆದಳು. ಎಳೆಯುವವಳೇ. ಹೊಲಕ್ಕಾಗಿ ಎಳೆದುಬಿಡುವವಳೇ.

“ನಿಂದ್ರು ಅಮ್ಮಾ,” ಎಂದರು ಸಾಹೇಬರು. ಟವೆಲ್ಲಿನಿಂದ ಕೈ ಒರೆಸಿಕೊಂಡರು. ಅವರಿಗೆ ಬೇಸರವಾಗಿತ್ತು, ಬಿಸಿಲಾಗಿತ್ತು. ಆ ಮಾತನ್ನು ಅವರು ಯಾರ ಪರವಾಗಿಯೂ ಹೇಳಲಿಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದರು. “ಗೌಡ್ರ, ನೀವೂ ಏನು ಹೇಳಾಕತ್ತೀರಿ. ಈ ಚಾಕ್ರಿ ಕಾಯ್ದೇದಾಗ ರದ್ದಾಗಿ ಎಷ್ಟು ವರ್ಷ ಆತು. ಈಗ ಯಾರೂ ಎಳೀಬೇಕು ಅಂತ ಇಲ್ಲ. ಹಿಂದ ಯಾರು ಮಾಡಿದ್ರು, ಅಷ್ಟ ನಾ ಕೇಳೂದು.”

ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಏನಂದ್ರಿ?” ಎಂದಳು ಸಾಬವ್ವ. “ಮತ್ತೊಮ್ಮೆ ಹೇಳ್ರಿ.”

“ಚಾಕ್ರಿ ರದ್ದಾಗ್ಯಾದ ಅಮ್ಮಾ. ಯಾವಾಗೋ.”

“ಗೌಡ್ರ ತಾಯಿ ಸತ್ತಾಗ ಇತ್ತೇನ್ರಿ?”

“ಅದು ಯಾವಾಗ?”

“ಮೂರು ವರ್ಷ ಆತ್ರಿ.”

“ಅದಕ್ಕೂ ಬಾಳ ಮೊದಲ.”

ಸಾಬವ್ವ ಗೌಡನ ಕಡೆ ನೋಡಲಿಲ್ಲ. ಗೌಡನಿಗೆ ಗೊತ್ತಿರುತ್ತದೆ, ಅವನು ಹೇಳುವುದಿಲ್ಲ, ಅದು ಅವಳಿಗೆ ಹೊಸದಲ್ಲ. ಅವಳು ಮೆಟ್ಟಿಲ ಮೇಲೆ ನಿಂತಿದ್ದ ತಮ್ಮನ ಕಡೆ ನೋಡಿದಳು.

“ನಿನಗ ಗೊತ್ತಿತ್ತೇನೋ?”

ಇಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

ಗೊತ್ತಿತ್ತು. ಬಾವುಟ ಹಿಡಿದ ಆ ದಿನಗಳಲ್ಲೇ ಕಲಬುರ್ಗಿಯಿಂದ ಬಂದ ಒಬ್ಬ ಭಾಷಣದಲ್ಲಿ ಹೇಳಿದ್ದ. ಹಳ್ಳಿಯ ಬಿಟ್ಟಿ ಚಾಕರಿ ಕಾಯ್ದೆಯಲ್ಲಿ ಸತ್ತುಹೋಗಿದೆ, ನಿಮ್ಮ ಮನೆಯವರಿಗೆ ಹೇಳಿ ಎಂದಿದ್ದ. ಹೇಳಲೆಂದೇ ಧರ್ಮಣ್ಣ ಊರಿಗೆ ಬಂದಿದ್ದ. ಬಂದಾಗ ಅಕ್ಕ ಗೌಡರ ತಾಯಿಯ ಕುಣಿಯೊಳಗಿದ್ದಳು. ತಲೆಯೊಂದೇ ಕಾಣುತ್ತಿತ್ತು. ಪಾಳಿ ಬಿಟ್ಟರೆ ಹಿಸ್ಸಾ ಹೋದೀತೆಂದು ಹೆದರಿ ಕಾಯ್ದೆಯ ಮಾತು ಹೇಳಲಿಲ್ಲ. ಅದು ಅವನು ತನಗೆ ತಾನು ಹೇಳಿಕೊಂಡ ಕಾರಣ. ಅದರ ಕೆಳಗೆ ಇನ್ನೊಂದಿತ್ತು. ಪಾಳಿ ಬಿಟ್ಟರೆ ಅವಳು ಊರಲ್ಲಿ ಯಾಕಿರುತ್ತಾಳೆ? ಅಫಜಲಪುರಕ್ಕೆ ಬರುತ್ತಾಳೆ. ಅಲ್ಲಿ ಬಾಡಿಗೆ ಮನೆಯ ಮಾಲಕರಿಗೆ ಅವನ ಜಾತಿ ಗೊತ್ತಿರಲಿಲ್ಲ. ಅವಳ ಮಾತು, ಅವಳ ಹೆಗಲು, ಅವಳ ಕೈ, ಒಂದು ದಿನದಲ್ಲಿ ಎಲ್ಲ ಹೇಳಿಬಿಡುತ್ತಿದ್ದವು.

“ಗೊತ್ತಿತ್ತು. ನೀ ಆ ಕುಣಿ ತೋಡೂ ದಿನಾನ ಗೊತ್ತಿತ್ತು,” ಎಂದ.

ಸಾಬವ್ವ ತಲೆ ಆಡಿಸಿದಳು, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿ ತಿಳಿದುಕೊಂಡವಳಂತೆ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡಳು. ನಡೆದು ಬಂದು ಮೆಟ್ಟಿಲು ಹತ್ತಿದಳು. ಯಾರೂ ತಡೆಯಲಿಲ್ಲ. ಗಾದಿಯ ಮುಂದೆ ಕೂತಳು.

“ಬರೀರಿ,” ಎಂದಳು. “ಸಾಬವ್ವ ತಾನೇ ಪಾಳಿ ಮಾಡಿದ್ದು. ತಾನೇ ಅಂಬೂದು ಬಿಡಬ್ಯಾಡ್ರಿ. ಬರದು ಓದ್ರಿ.”

ಸಾಹೇಬರು ಬರೆದರು. ಓದಿದರು. “ಇದು ಮ್ಯಾಲೆ ಹೋಗ್ತಾದ ಅಮ್ಮಾ. ಗೌಡ್ರು ತಕರಾರು ಹಾಕ್ತಾರ. ಏನಾಗ್ತಾದ ನಾ ಹೇಳಂಗಿಲ್ಲ.”

“ಹಾಕ್ಲಿ,” ಎಂದು ಅವಳು ಹೆಬ್ಬಟ್ಟು ಒತ್ತಿದಳು. ಒತ್ತಿ, ಅದರ ಮಸಿಯನ್ನು ತಾನು ಗುಡಿಸಿದ ಕಂಬಕ್ಕೆ ಒರೆಸಿದಳು.

ದಾರಿಯಲ್ಲಿ ಮಲ್ಕಮ್ಮ ಮತ್ತು ಉಳಿದವರು ಅವಳ ಸುತ್ತ ನಡೆದರು. ಗೌಡನ ಅಂಗಳದಲ್ಲಿ ಎಮ್ಮೆ ಹಾಗೇ ಬಿದ್ದಿತ್ತು. ಯಾವ ಮನೆಯವರೂ ಎಳೆಯುವುದಿಲ್ಲ ಎಂದು ಕೇರಿ ಅಲ್ಲೇ, ನಡೆಯುತ್ತಲೇ ತೀರ್ಮಾನಿಸಿತು. ಧರ್ಮಣ್ಣ ಹಿಂದೆ ನಡೆದ. ಅವನ ಜೊತೆ ಯಾರೂ ಮಾತಾಡಲಿಲ್ಲ.

ಮನೆಯೊಳಗೆ ಸಾಬವ್ವ ಚಾಪೆ ಹಾಸಿದಳು. ನಡುಹಗಲು ಅವಳು ಮಲಗಿದ್ದನ್ನು ಅವನು ಕಂಡಿರಲಿಲ್ಲ.

“ಅಕ್ಕಾ,” ಎಂದ.

“ಹೌದಂದಿದ್ದು ಬಿಡು,” ಎಂದಳು, ಸೂರು ನೋಡುತ್ತ. “ಹೊಲದ ಆಸೆ. ಯಾರಿಗಿಲ್ಲ. ಆಮ್ಯಾಲೆ ತಿದ್ದಿಸಿದಿ. ಆದ್ರ ನಾ ಕುಣ್ಯಾಗ ನಿಂತಾಗ ನೀ ಮ್ಯಾಲೆ ಬಂದು ನಿಂತಿದ್ದಿಯಲ್ಲ. ನೀರು ಕುಡೀತೀಯೇನಕ್ಕಾ ಅಂದಿ. ನೆನಪದ ನನಗ. ನನ್ನ ತಮ್ಮ ಎಷ್ಟು ಅಂತಃಕರಣದಾಂವ ಅಂದ್ಕೊಂಡು ಕುಡದ್ನಿ ಆ ನೀರು.”

ಅವನು ಒಲೆಯ ಕಡೆ ತಿರುಗಿದ.

“ಹಸಿವಾಗಿದ್ರ ರೊಟ್ಟಿ ಬಡಕೊಂಡು ತಿನ್ನು,” ಎಂದು ಕಣ್ಣು ಮುಚ್ಚಿದಳು.

ಧರ್ಮಣ್ಣ ಕೈ ತೊಳೆದ. ಎಷ್ಟು ತೊಳೆದರೂ ಎಮ್ಮೆಯ ವಾಸನೆ ಹೋಗಲಿಲ್ಲ. ಒಲೆ ಹೊತ್ತಿಸಿದ. ಹಿಟ್ಟು ನಾದಿದ. ರೊಟ್ಟಿ ಬಡಿದರೆ ಅಂಚು ಹರಿಯಿತು. ಕೂಡಿಸಿ ಮತ್ತೆ ಬಡಿದು, ಅರ್ಧ ರೊಟ್ಟಿ ಅರ್ಧ ಮುದ್ದೆಯಂಥದ್ದನ್ನು ಹಂಚಿಗೆ ಹಾಕಿದ.

ಹೊರಗೆ ಗುರಣ್ಣನ ದನಿ ಕೇಳಿತು. ಅವನು ಕೇರಿಯ ಬಾಯಲ್ಲೇ ನಿಂತು ಕೂಗುತ್ತಿದ್ದ, ಒಳಗೆ ಬರುತ್ತಿರಲಿಲ್ಲ. “ಏ ಸಾಬಿ. ಸಾಬವ್ವಾ. ವಾಸನಿ ಎದ್ದಾದ, ಗೌಡ್ರು ಕರ್ಯಾಕತ್ತಾರ. ಸಾಬವ್ವಾ.”

ಧರ್ಮಣ್ಣ ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲಲ್ಲಿ ನಿಂತ.

“ಅಕ್ಕ ಮಲಗ್ಯಾಳ.”

“ಎಬ್ಬಸು.”

“ಎಬ್ಬಸಂಗಿಲ್ಲ.”

“ಹಂಗಾದ್ರ ನೀ ಬಾ.”

“ನಾನೂ ಬರಂಗಿಲ್ಲ.”

ಗುರಣ್ಣ ಅಲ್ಲೇ ನಿಂತು ಬೀಡಿ ಹೊತ್ತಿಸಿದ. ಹೋಗಲಿಲ್ಲ. ಧರ್ಮಣ್ಣನೂ ಕದಲಲಿಲ್ಲ. ಅಕ್ಕನಿಗೆ ನಿದ್ದೆ ಬಂದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೆನ್ನ ಹಿಂದೆ ಚಾಪೆ ಸರಿದ ಸಪ್ಪಳವಾಯಿತು. ತಿರುಗಿ ನೋಡಿದ. ಸಾಬವ್ವ ಅವನ ಕಡೆಗೆ ಬೆನ್ನು ಮಾಡಿ, ಗೋಡೆಯ ಕಡೆ ಮಗ್ಗುಲಾಗಿದ್ದಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವನು ಬಾಗಿಲು ಬಿಟ್ಟು ಬರಲಿಲ್ಲ.